ಪಾಲಕಧರ್ಮ: ಪುಣೆಯ ಒಂದು ಮನೆಯ ಇತಿಹಾಸ



ಹೋದ ಅಮಾವಾಸ್ಯೆಯ ದಿನ ಪೂಜೆ ಮುಗಿಸಿ ನಾವು ಹೊರಗಿನ ಕಟ್ಟೆಯ ಮೇಲೆ ಕುಳಿತಿದ್ದಾಗ ಗಂಡಹೆಂಡಿರಿಬ್ಬರು ಬಂದು ಪಾದಕ್ಕೆ ಎರಗಿದರು. ಮದುವೆಯಾಗಿ ಹನ್ನೆರಡು ವರ್ಷ, ಮಕ್ಕಳ ಭಾಗ್ಯವಿಲ್ಲ. ಅನಾಥಾಲಯದಿಂದ ಒಂದು ಹಸುಗೂಸನ್ನು ದತ್ತು ತೆಗೆದುಕೊಳ್ಳಬೇಕೆಂದು ಅವರ ಮನಸ್ಸು. ಆದರೆ ಮನೆಯ ಹಿರಿಯರು ಅಡ್ಡ ನಿಂತಿದ್ದಾರೆ. ‘ಅದರ ಕುಲ ಯಾವುದೋ, ಹೆತ್ತವಳು ಎಂಥವಳೋ, ನಾಳೆ ಅದಕ್ಕೆ ಹೆಣ್ಣು ಕೊಡುವವರು ಯಾರು, ನಮ್ಮ ಚಿತೆಗೋ ಸಮಾಧಿಗೋ ಅದು ಹೇಗೆ ಕೈ ಹಚ್ಚೀತು’ ಎಂದು ಅವರ ಆಕ್ಷೇಪ. ‘ಬುದ್ಧಿ, ಅಂಥ ಕೂಸಿಗೆ ಲಿಂಗಧಾರಣೆಯಾಗುತ್ತದೆಯೇ?’ ಎಂದು ಆ ತಾಯಿ ಕೇಳುವಾಗ ಆಕೆಯ ಕಂಠ ಕಟ್ಟಿತ್ತು. ಅವರಿಗೆ ಆ ದಿನ ಎರಡು ಮಾತು ಹೇಳಿ ಕಳಿಸಿದೆವು. ಆದರೆ ಪ್ರಶ್ನೆ ಅವರೊಬ್ಬರದಲ್ಲ. ಆದ್ದರಿಂದ ಇಂದು ಎಲ್ಲರೆದುರಿಗೆ ಅದನ್ನು ಎತ್ತಿಕೊಂಡಿದ್ದೇವೆ.

ಮೊದಲು ಶಾಸ್ತ್ರದ ಮಾತು. ಹಿರಿಯರು ಶಾಸ್ತ್ರ ಶಾಸ್ತ್ರವೆನ್ನುತ್ತಾರೆ. ಶಾಸ್ತ್ರವನ್ನು ನಾವೂ ಹನ್ನೆರಡು ವರ್ಷ ಪಾಠಶಾಲೆಯಲ್ಲಿ ಉರು ಹೊಡೆದವರೇ. ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯದಲ್ಲಿ ಹನ್ನೆರಡು ಬಗೆಯ ಪುತ್ರರ ಎಣಿಕೆಯಿದೆ. ಅದರಲ್ಲಿ ‘ಅಪವಿದ್ಧ’ನೆಂಬವನೊಬ್ಬ. ಹೆತ್ತವರು ಬಿಟ್ಟುಬಿಟ್ಟದ್ದನ್ನು ಮತ್ತೊಬ್ಬರು ಎತ್ತಿಕೊಂಡು ಮಗನಾಗಿ ಸ್ವೀಕರಿಸಿದರೆ ಅವನು ಅಪವಿದ್ಧ. ಅವನನ್ನು ಎಲ್ಲಿಟ್ಟಿದ್ದಾರೆ? ಆಸ್ತಿಗೂ ಬಾಂಧವ್ಯಕ್ಕೂ ಹಕ್ಕುಳ್ಳ ಮೊದಲ ಆರು ಮಂದಿಯಲ್ಲಿಯೇ ಇಟ್ಟಿದ್ದಾರೆ! ಜಾತಿಭೇದದ ವಿಷಯದಲ್ಲಿ ಅಷ್ಟು ಕಟ್ಟುನಿಟ್ಟಾದ ಆ ಗ್ರಂಥಕ್ಕೂ ಬಿಸಾಡಿದ ಕೂಸನ್ನು ಎತ್ತಿಕೊಂಡವನ ಮಮತೆಯನ್ನು ಅಲ್ಲಗಳೆಯುವುದು ಸಾಧ್ಯವಾಗಲಿಲ್ಲ. ಮುಂದೆ ಬಂದ ನಿಬಂಧಕಾರರು ಕಲಿಯುಗಕ್ಕೆ ಔರಸ ಮತ್ತು ದತ್ತಕ ಇವರಿಬ್ಬರೇ ಸಾಕು ಎಂದು ಬಾಗಿಲು ಮುಚ್ಚಿದರು. ದತ್ತಕನೂ ಸಜಾತಿಯವನೇ ಆಗಬೇಕೆಂದು ಅಗುಳಿ ಹಾಕಿದರು. ಬಾಗಿಲು ಮೊದಲು ತೆರೆದಿತ್ತು, ಆಮೇಲೆ ಮುಚ್ಚಿತು ಎಂಬುದನ್ನು ಹಿರಿಯರು ನೆನಪಿಡಬೇಕು.

ಛಾಂದೋಗ್ಯೋಪನಿಷತ್ತಿನ ಸತ್ಯಕಾಮನ ಕಥೆಯನ್ನು ನೀವು ಕೇಳಿದ್ದೀರಿ. ಗುರುಕುಲಕ್ಕೆ ಹೋಗಬೇಕು, ನನ್ನ ಗೋತ್ರ ಯಾವುದು ಎಂದು ಹುಡುಗ ತಾಯಿಯನ್ನು ಕೇಳಿದ. ಆ ತಾಯಿ ಜಬಾಲೆ, ‘ಹಲವೆಡೆ ಊಳಿಗ ಮಾಡಿಕೊಂಡಿದ್ದ ನನ್ನ ಯೌವನದಲ್ಲಿ ನೀನು ಹುಟ್ಟಿದೆ, ಗೋತ್ರವನ್ನು ನಾನರಿಯೆ, ನನ್ನ ಹೆಸರನ್ನೇ ಹೇಳು’ ಎಂದಳು. ಹುಡುಗ ಹಾರಿದ್ರುಮತ ಗೌತಮನ ಮುಂದೆ ನಿಂತು ಅದನ್ನೇ ಹೇಳಿದ. ಗುರು ನಾಲ್ಕು ಜನರನ್ನು ಕೇಳಿ ಬರುತ್ತೇನೆ ಎನ್ನಲಿಲ್ಲ. ಸತ್ಯವನ್ನು ಬಿಟ್ಟು ಅಲುಗದವನು ನೀನು, ಸಮಿತ್ತನ್ನು ತಾ ಎಂದ. ಆ ಕ್ಷಣವೇ ತಂದೆಯಿಲ್ಲದ ಹುಡುಗನಿಗೆ ಒಬ್ಬ ಪಾಲಕ ದೊರೆತ.

ಇದು ಉಪನಿಷತ್ತಿನ ಕಥೆಯಾಯಿತು. ಕಥೆ ಕೇಳಿ ತಲೆದೂಗುವುದು ಸುಲಭ. ಆದ್ದರಿಂದ ನಮಗೆ ಬಹು ಹತ್ತಿರದ ಕಾಲದ, ಹತ್ತಿರದ ಊರಿನ ನಿಜವಾದ ಇತಿಹಾಸವೊಂದನ್ನು ಇಂದು ಹೇಳುತ್ತೇವೆ. ಊರು ಪುಣೆ. ಬೆಳಗಾವಿ, ಧಾರವಾಡ, ವಿಜಾಪುರಗಳು ಮುಂಬಯಿ ಆಧಿಪತ್ಯದಲ್ಲಿದ್ದ ಕಾಲದಲ್ಲಿ ಪುಣೆಯೂ ನಮ್ಮದೇ ಆಡಳಿತದ ಊರು. ಅಲ್ಲಿಯ ಮಹಾತ್ಮಾ ಜ್ಯೋತಿರಾವ ಫುಲೆ ಮತ್ತು ಸಾವಿತ್ರೀಬಾಯಿಯವರ ಹೆಸರನ್ನು ಕೇಳದವರಿಲ್ಲ. 1848ರಲ್ಲಿ ಹೆಣ್ಣುಮಕ್ಕಳಿಗೆ ಶಾಲೆ ತೆರೆದವರು, 1873ರಲ್ಲಿ ಸತ್ಯಶೋಧಕ ಸಮಾಜವನ್ನು ಕಟ್ಟಿದವರು ಎಂದು ಶಾಲೆಯ ಮಕ್ಕಳೂ ಹೇಳುತ್ತಾರೆ. ನಾವು ಹೇಳಹೊರಟದ್ದು ಅದನ್ನಲ್ಲ. ಅವರ ಮನೆಯೊಳಗಿನ ತೊಟ್ಟಿಲಿನ ವಿಷಯವನ್ನು.

ಜ್ಯೋತಿರಾಯರು ಹುಟ್ಟಿದ್ದು 1827ರಲ್ಲಿ, ಹೂವು ಮಾರುವ ಮಾಳಿಗರ ಮನೆಯಲ್ಲಿ. ಕೂಸು ವರ್ಷ ತುಂಬುವ ಮೊದಲೇ ತಾಯಿ ಚಿಮಣಾಬಾಯಿ ಶಿವಾಧೀನರಾದರು. ತಂದೆ ಗೋವಿಂದರಾಯರಿಗೆ ಅಂಗಡಿ, ತೋಟ, ವ್ಯವಹಾರ. ಆಗ ಕೂಸನ್ನು ಎತ್ತಿಕೊಂಡವರು ಸಗುಣಾಬಾಯಿ ಎಂಬ ಸಂಬಂಧಿಕರು. ಬಾಲ್ಯದಲ್ಲಿಯೇ ಗಂಡನನ್ನು ಕಳೆದುಕೊಂಡವರು. ಒಬ್ಬ ಕ್ರೈಸ್ತ ಪಾದ್ರಿಯ ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಮಾಡುತ್ತ ನಾಲ್ಕಕ್ಷರದ ಬೆಲೆಯನ್ನು ಕಂಡುಕೊಂಡವರು. ಶುಭಕಾರ್ಯಕ್ಕೆ ಎದುರು ಬರಬಾರದೆಂದು ಸಮಾಜ ಯಾವ ವಿಧವೆಯನ್ನು ಮೂಲೆಗೆ ಕೂರಿಸಿತ್ತೋ ಆ ವಿಧವೆಯ ಮಡಿಲಲ್ಲಿ ಬೆಳೆದ ಕೂಸೇ ಮುಂದೆ ಮಹಾತ್ಮನಾಯಿತು.

ಗೋವಿಂದರಾಯರು ಕೆಟ್ಟವರಲ್ಲ. ಮಗನನ್ನು ಶಾಲೆಗೆ ಹಾಕಿದ್ದರು. ಆದರೆ ‘ಓದು ಕಲಿತರೆ ನಿನ್ನ ಮಗ ಹೊಲದ ಕೆಲಸಕ್ಕೆ ಬಾರದವನಾಗುತ್ತಾನೆ, ಶೂದ್ರನಿಗೆ ಅಕ್ಷರವೇಕೆ’ ಎಂದು ಅಂಗಡಿಯ ಗುಮಾಸ್ತ ಕಿವಿಯೂದಿದ. ತಂದೆ ಮಗನ ಕೈಯಿಂದ ಪುಸ್ತಕ ಕಸಿದು ಗುದ್ದಲಿ ಕೊಟ್ಟರು. ಹುಡುಗ ರಾತ್ರಿ ದೀಪದ ಬೆಳಕಿನಲ್ಲಿ ಓದುವುದನ್ನು ಕಂಡ ನೆರೆಹೊರೆಯ ಗಫಾರ್ ಬೇಗ್ ಮುನ್ಷಿ ಎಂಬ ಫಾರ್ಸಿ ಪಂಡಿತರೂ ಲಿಜಿಟ್ ಸಾಹೇಬರೆಂಬ ಆಂಗ್ಲರೂ ಗೋವಿಂದರಾಯರಿಗೆ ಬುದ್ಧಿ ಹೇಳಿದ ಮೇಲೆ 1841ರಲ್ಲಿ ಅವನು ಮತ್ತೆ ಶಾಲೆಯ ಮೆಟ್ಟಿಲು ಹತ್ತಿದ. ಮುಂದೆ ಮಗನೂ ಸೊಸೆಯೂ ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳಿಗೂ ಹೆಣ್ಣುಮಕ್ಕಳಿಗೂ ಪಾಠ ಹೇಳತೊಡಗಿದಾಗ ಮತ್ತೆ ಒತ್ತಾಯ ಬಂತು. ಮತ್ತೆ ತಂದೆ ಮಣಿದರು. 1849ರಲ್ಲಿ ಮಗ ಸೊಸೆಯರು ಉಟ್ಟಬಟ್ಟೆಯಲ್ಲಿ ಮನೆ ಬಿಟ್ಟು ಹೊರಡಬೇಕಾಯಿತು.

ಇಲ್ಲಿ ಒಂದು ಗಳಿಗೆ ನಿಂತು ವಿಚಾರ ಮಾಡಿರಿ. ಗೋವಿಂದರಾಯರಿಗೆ ಮಗನ ಮೇಲೆ ಪ್ರೀತಿಯಿರಲಿಲ್ಲವೇ? ಇತ್ತು. ಎರಡನೆಯ ಮದುವೆಯನ್ನೂ ಮಾಡಿಕೊಳ್ಳದೆ ಮಕ್ಕಳಿಗಾಗಿ ಬಾಳಿದವರವರು. ಆದರೆ ಜನ ಏನೆಂದಾರು ಎಂಬ ಭಯ ಪ್ರೀತಿಗಿಂತ ಒಂದು ಹಿಡಿ ಹೆಚ್ಚಾಯಿತು. ಸಮಾಜ ಎಂದೂ ನೇರವಾಗಿ ಮಗುವಿನ ಕೊರಳಿಗೆ ಕೈ ಹಾಕುವುದಿಲ್ಲ. ಪಾಲಕನ ಕೈಯನ್ನೇ ಹಿಡಿದು ಅಲುಗಿಸುತ್ತದೆ. ಆ ಕೈ ನಡುಗಿದರೆ ಮಗು ತಾನಾಗಿಯೇ ಕೆಳಗೆ ಬೀಳುತ್ತದೆ.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಆ ಕಾಲದಲ್ಲಿ ಮೇಲುಜಾತಿಯ ಬಾಲವಿಧವೆಯರ ಸ್ಥಿತಿಯನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ. ತಲೆ ಬೋಳಿಸಿ, ಕೆಂಪು ಸೀರೆ ಉಡಿಸಿ, ಒಪ್ಪತ್ತು ಉಣಿಸಿ ಕತ್ತಲೆ ಕೋಣೆಯಲ್ಲಿ ಕೂರಿಸುವುದು. ವಿಧವಾ ವಿವಾಹಕ್ಕೆ 1856ರಲ್ಲಿಯೇ ಕಾನೂನು ಬಂದಿದ್ದರೂ ಮನೆಯೊಳಗೆ ಅದು ಕಾಲಿಟ್ಟಿರಲಿಲ್ಲ. ಮನೆಯ ಗಂಡಸರಿಂದಲೋ ಬಂಧುಗಳಿಂದಲೋ ಅವಳು ಗರ್ಭಿಣಿಯಾದರೆ ಅಪರಾಧಿ ಅವಳೊಬ್ಬಳೇ. ಜ್ಯೋತಿರಾಯರು 1884ರಲ್ಲಿ ಬರೆದಿಟ್ಟ ಒಂದು ಅಭಿಪ್ರಾಯಪತ್ರದಲ್ಲಿ ಇಂಥ ಒಂದು ಪ್ರಸಂಗ ಬರುತ್ತದೆ. ಅವರ ಬ್ರಾಹ್ಮಣ ಗೆಳೆಯರೊಬ್ಬರ ಮನೆಯಲ್ಲಿ ಅಡಿಗೆ ಮಾಡಿಕೊಂಡಿದ್ದ ತರುಣ ವಿಧವೆಯೊಬ್ಬಳು ಒಬ್ಬ ಶಾಸ್ತ್ರಿಯಿಂದ ಮೋಸಹೋದಳು. ಕೂಸು ಹುಟ್ಟಿತು. ಮಾನಕ್ಕೆ ಅಂಜಿ ತನ್ನ ಕೈಯಾರೆ ಅದನ್ನು ಕೊಂದು ಬಾವಿಗೆ ಹಾಕಿದಳು. ನ್ಯಾಯಾಲಯ ಅವಳನ್ನು ಜೀವಾವಧಿ ಶಿಕ್ಷೆಗೆ ಗುರಿಮಾಡಿ ಅಂಡಮಾನಿಗೆ ಕಳಿಸಿತು. ಶಾಸ್ತ್ರಿಗೆ ಯಾವ ಶಿಕ್ಷೆಯೂ ಇಲ್ಲ.

ಈ ದಂಪತಿಗಳು 1863ರಲ್ಲಿ ತಮ್ಮ ಮನೆಯ ಆವರಣದಲ್ಲಿಯೇ ಬಾಲಹತ್ಯಾ ಪ್ರತಿಬಂಧಕ ಗೃಹವನ್ನು ತೆರೆದರು. ‘ವಿಧವೆಯರೇ, ಇಲ್ಲಿಗೆ ಬಂದು ಗುಟ್ಟಾಗಿ, ಸುರಕ್ಷಿತವಾಗಿ ಹೆರಿಗೆ ಮಾಡಿಕೊಳ್ಳಿರಿ, ಕೂಸನ್ನು ಒಯ್ಯುವುದೂ ಬಿಡುವುದೂ ನಿಮ್ಮ ಇಚ್ಛೆ’ ಎಂಬ ಅರ್ಥದ ಪ್ರಕಟಣೆಯನ್ನು ಬ್ರಾಹ್ಮಣರ ಓಣಿಗಳಲ್ಲಿ ಅಂಟಿಸಿದರು. ಇದು ಎಂಥ ಕೆಲಸವೆಂದು ನೋಡಿರಿ. ಬ್ರಾಹ್ಮಣ ಗೆಳೆಯನ ಮದುವೆಯ ಮೆರವಣಿಗೆಯಲ್ಲಿ, ಶೂದ್ರನು ನಮ್ಮ ಜೊತೆಗೆ ಹೇಗೆ ನಡೆದೀಯೆ ಎಂದು ಅವಮಾನ ಉಂಡವರು ಇದೇ ಜ್ಯೋತಿರಾಯರು. ಶಾಲೆಗೆ ಹೋಗುವ ದಾರಿಯಲ್ಲಿ ಸೆಗಣಿ ಕೆಸರು ಎರಚಿಸಿಕೊಂಡವರು ಇದೇ ಸಾವಿತ್ರೀಬಾಯಿ. ಅವಮಾನ ಮಾಡಿದವರ ಮನೆಯ ಹೆಣ್ಣುಮಗಳು ಕಷ್ಟದಲ್ಲಿ ಬಿದ್ದಾಗ ತೆರೆದದ್ದು ಇವರ ಮನೆಯ ಬಾಗಿಲು. ವಾದದಲ್ಲಿ ಅವರು ಬಹಳ ಕಟುವಾಗಿ ಮಾತನಾಡಿದ್ದಾರೆ, ನಿಜ. ಆದರೆ ತೊಟ್ಟಿಲಿನ ಹತ್ತಿರ ಆ ಕಟುತ್ವವನ್ನು ಸುಳಿಯಗೊಡಲಿಲ್ಲ.

ಅಂದಿನವರೆಗೆ ಮೂವತ್ತೈದು ಮಂದಿ ವಿಧವೆಯರು ಆ ಗೃಹಕ್ಕೆ ಬಂದು ಹೆತ್ತರೆಂದು ಅದೇ 1884ರ ಪತ್ರದಲ್ಲಿ ಲೆಕ್ಕ ಕೊಟ್ಟಿದ್ದಾರೆ. ಕೂಸುಗಳಲ್ಲಿ ಉಳಿದವು ಐದೇ. ಮೂವತ್ತು ತೀರಿಹೋದವು. ಏಕೆ? ಬಸಿರನ್ನು ಮುಚ್ಚಿಡಲು ಮೊದಲೇ ತಿಂದ ವಿಷದ ಮದ್ದುಗಳಿಂದ ಗರ್ಭದಲ್ಲಿಯೇ ಅವು ನಂಜೇರಿಸಿಕೊಂಡಿದ್ದವು. ಬಂಧುಗಳೇ, ‘ಜನ ಏನೆಂದಾರು’ ಎಂಬ ಆರಕ್ಷರದ ಮಾತಿಗೆ ಎಷ್ಟು ನಂಜಿದೆಯೆಂಬುದಕ್ಕೆ ಈ ಲೆಕ್ಕಕ್ಕಿಂತ ಬೇರೆ ಸಾಕ್ಷಿ ಬೇಕೇ? ಮೂವತ್ತೈದಕ್ಕೆ ಮೂವತ್ತು!

1874ರಲ್ಲಿ ಅಲ್ಲಿ ಹೆತ್ತ ಒಬ್ಬ ಬ್ರಾಹ್ಮಣ ವಿಧವೆಯ ಕೂಸನ್ನು, ಸ್ವಂತ ಮಕ್ಕಳಿಲ್ಲದ ಈ ದಂಪತಿಗಳು ತಮ್ಮ ಮಗನೆಂದು ಎತ್ತಿಕೊಂಡರು. ಯಶವಂತನೆಂದು ಹೆಸರಿಟ್ಟರು. ಬ್ರಾಹ್ಮಣರಿಗೆ ಆ ಕೂಸು ಪಾಪದ ಪಿಂಡ; ಮಾಳಿಗರಿಗೆ ಅದು ಪರಜಾತಿಯ ಕೂಸು. ಎರಡೂ ಕಡೆಯವರು ಬೇಡವೆಂದದ್ದನ್ನು ನಡುವೆ ನಿಂತ ಇಬ್ಬರು ಬೇಕೆಂದರು. ಮಕ್ಕಳಾಗಲಿಲ್ಲ, ಇನ್ನೊಂದು ಮದುವೆಯಾಗು ಎಂಬ ಒತ್ತಾಯ ಜ್ಯೋತಿರಾಯರ ಮೇಲೆ ಮೊದಲಿಂದಲೂ ಇತ್ತು. ಅದಕ್ಕೆ ಅವರು ಕಿವಿಗೊಟ್ಟಿರಲಿಲ್ಲ. ತೊಟ್ಟಿಲಿನ ಬಳಿ ನಿಂತು ‘ಇವನು ಯಾರ ಮಗ?’ ಎಂದು ಜಗತ್ತು ಕೇಳಿದ ಮೊದಲ ಪ್ರಶ್ನೆಗೆ ಹೀಗೆ ಉತ್ತರ ಕೊಟ್ಟರು.

ಬರೀ ಬಾಯಿಮಾತಿಗೂ ಬಿಡಲಿಲ್ಲ. 1887ರಲ್ಲಿ ಉಯಿಲು ಬರೆದು, ಹುಟ್ಟನ್ನು ಮರೆಮಾಚದೆ, ಅವನನ್ನೇ ತಮ್ಮ ವಾರಸುದಾರನನ್ನಾಗಿ ಮಾಡಿದರು. ಆ ಉಯಿಲಿನಲ್ಲಿ ಇನ್ನೊಂದು ಸ್ವಾರಸ್ಯವಿದೆ. ಯಶವಂತ ಮುಂದೆ ದಾರಿ ತಪ್ಪಿ ಅಯೋಗ್ಯನಾದರೆ ಆ ಆಸ್ತಿ ಶೂದ್ರ ಸಮಾಜದ ಯೋಗ್ಯ ಹುಡುಗನೊಬ್ಬನಿಗೆ ಹೋಗಬೇಕೆಂದು ಬರೆದರು. ಕೆಲವರಿಗೆ ಇದು ಕಠಿಣವೆನಿಸೀತು. ನಮಗೆ ಹಾಗೆನಿಸುವುದಿಲ್ಲ. ಹುಟ್ಟನ್ನು ನೋಡಿ ಕೊಟ್ಟಿಲ್ಲ, ಹುಟ್ಟನ್ನು ನೋಡಿ ಕಸಿಯುವುದೂ ಇಲ್ಲ. ಯೋಗ್ಯತೆಯೊಂದನ್ನೇ ನೋಡುತ್ತೇವೆ ಎಂಬುದು ಅದರ ತಾತ್ಪರ್ಯ. ಮಗನನ್ನು ಮುದ್ದಿನ ಗೊಂಬೆಯೆಂದು ತಿಳಿಯದೆ ಹೊಣೆಯುಳ್ಳ ಮನುಷ್ಯನೆಂದು ತಿಳಿದವರ ಮಾತು ಅದು.

ಜಗತ್ತಿನ ಎರಡನೆಯ ಪ್ರಶ್ನೆ ಮದುವೆಯ ಹೊತ್ತಿಗೆ ಬಂತು. ವಿಧವೆಯ ಹೊಟ್ಟೆಯಲ್ಲಿ ಹುಟ್ಟಿದವನಿಗೆ ಹೆಣ್ಣು ಕೊಡುವವರಾರು? ಹಡಪಸರದ ಜ್ಞಾನೋಬಾ ಸಸಾಣೆಯವರು, ಸತ್ಯಶೋಧಕರು, ‘ನಾನು ಕೊಡುತ್ತೇನೆ’ ಎಂದರು. ಅವರ ಮಗಳು ರಾಧಾ. ಸಾವಿತ್ರೀಬಾಯಿಯವರು ಮದುವೆಗೆ ಮೊದಲೇ ಆ ಹುಡುಗಿಯನ್ನು ತಮ್ಮ ಮನೆಗೆ ಕರೆತಂದು ಇರಿಸಿಕೊಂಡರು. ಹುಡುಗ ಹುಡುಗಿಯರು ಒಬ್ಬರನ್ನೊಬ್ಬರು ಅರಿಯಲಿ, ಸೊಸೆಯಾಗುವವಳು ಓದು ಕಲಿಯಲಿ ಎಂದು. ಇಂದಿಗೂ ಎಷ್ಟು ಅತ್ತೆಯರಿಗೆ ಈ ಧೈರ್ಯವಿದೆ? 1889ರ ಫೆಬ್ರವರಿ 4ರಂದು ಸತ್ಯಶೋಧಕ ಪದ್ಧತಿಯಲ್ಲಿ ಮದುವೆಯಾಯಿತು. ಆ ಮೊದಲೇ, 1888ರಲ್ಲಿ, ಪಾರ್ಶ್ವವಾಯು ಬಡಿದು ಜ್ಯೋತಿರಾಯರ ಬಲಗೈ ಬಿದ್ದುಹೋಗಿತ್ತು. ಎಡಗೈಯಿಂದ ‘ಸಾರ್ವಜನಿಕ ಸತ್ಯಧರ್ಮ’ವೆಂಬ ತಮ್ಮ ಕೊನೆಯ ಗ್ರಂಥವನ್ನು ಬರೆಯುತ್ತಿದ್ದರು.

ಮೂರನೆಯ ಪ್ರಶ್ನೆ ಎಲ್ಲಕ್ಕಿಂತ ಕ್ರೂರವಾದುದು. 1890ರ ನವೆಂಬರ್ 28ರಂದು ಜ್ಯೋತಿರಾಯರು ದೇಹ ಬಿಟ್ಟರು. ತಮ್ಮನ್ನು ಉಪ್ಪಿನಲ್ಲಿ ಇಟ್ಟು ಹೂಳಬೇಕೆಂಬುದು ಅವರ ಇಚ್ಛೆ. ಸಮಾಧಿಕ್ರಿಯೆಯೇ ರೂಢಿಯಾಗಿರುವ ನಮಗೆ ಇದು ಆಪ್ತವಾಗಿ ಕಾಣುತ್ತದೆ. ವಾಸದ ಜಾಗದಲ್ಲಿ ಹೂಳಲು ನಗರಪಾಲಿಕೆಯವರು ಒಪ್ಪಲಿಲ್ಲವಾಗಿ ದಹನವೇ ಆಗಬೇಕಾಯಿತು. ಶವದ ಮುಂದೆ ಬೆಂಕಿಯ ಮಡಕೆಯನ್ನು ಹಿಡಿದು ನಡೆಯುವವನೇ ಮಗ, ಅವನೇ ವಾರಸುದಾರನೆಂದು ಲೋಕರೂಢಿ. ದತ್ತುಮಗ ಅದನ್ನು ಹಿಡಿಯಕೂಡದು, ಆ ಹಕ್ಕು ನಮ್ಮದು ಎಂದು ದಾಯಾದಿಗಳು ತಕರಾರು ತೆಗೆದರು. ಹದಿನಾರರ ಆಸುಪಾಸಿನ ಹುಡುಗ, ತಂದೆಯ ಶವದ ಮುಂದೆ, ನೆರೆದ ಜನರ ಎದುರಿಗೆ ‘ನೀನು ಮಗನಲ್ಲ’ ಎಂಬ ಮಾತನ್ನು ಕೇಳಿಸಿಕೊಂಡು ನಿಂತಿದ್ದಾನೆ. ಆ ಎದೆ ಹೇಗೆ ತಡೆದುಕೊಂಡಿತೋ!

ಆಗ ಸಾವಿತ್ರೀಬಾಯಿಯವರು ಮುಂದೆ ಬಂದರು. ವಾದ ಮಾಡಲಿಲ್ಲ, ಅಳುತ್ತ ಕೂಡಲಿಲ್ಲ. ಬೆಂಕಿಯ ಮಡಕೆಯನ್ನು ತಮ್ಮ ಕೈಗೆ ತೆಗೆದುಕೊಂಡು ಗಂಡನ ಶವದ ಮುಂದೆ ನಡೆದರು. ಹೆಂಗಸು ಸ್ಮಶಾನದ ಕಡೆಗೆ ಮುಖ ಹಾಕಬಾರದೆಂದಿದ್ದ ಕಾಲದಲ್ಲಿ ತಾವೇ ಚಿತೆಗೆ ಅಗ್ನಿಸ್ಪರ್ಶ ಮಾಡಿದರು. ಇದನ್ನು ಸ್ತ್ರೀಯ ಸಾಹಸವೆಂದು ಕೊಂಡಾಡುವವರು ಬಹಳ ಮಂದಿ. ಕೊಂಡಾಡಲಿ. ನಮಗೆ ಅದರಲ್ಲಿ ತಾಯಿಯೊಬ್ಬಳು ಕಾಣುತ್ತಾಳೆ. ಮಗನ ಹಕ್ಕನ್ನು ದಾಯಾದಿಗಳು ಕಸಿಯಹೋದಾಗ ಅದು ಅವರ ಕೈಗೆ ಬೀಳದಂತೆ ತಾನೇ ಎತ್ತಿ ಹಿಡಿದಳು.

ಆ ಮಗ ಏನಾದ? ತಂದೆಯ ಆ ಕೊನೆಯ ಗ್ರಂಥವನ್ನು 1891ರಲ್ಲಿ ಅಚ್ಚು ಹಾಕಿಸಿದವನು ಅವನೇ. ವೈದ್ಯವಿದ್ಯೆ ಕಲಿತು ಡಾಕ್ಟರ್ ಯಶವಂತರಾದರು. 1897ರಲ್ಲಿ ಪುಣೆಗೆ ಪ್ಲೇಗಿನ ಮಾರಿ ಬಡಿಯಿತು. ಹೆತ್ತವರು ಮಕ್ಕಳನ್ನು ಬಿಟ್ಟು ಓಡುವ ಕಾಲ ಅದು. ತಾಯಿ ಮಗನನ್ನು ಕರೆಸಿದರು, ಮಗ ಬಂದ. ಹಡಪಸರದ ಹತ್ತಿರ ಬಯಲಿನಲ್ಲಿ ಶುಶ್ರೂಷೆಯ ಕೇಂದ್ರ ತೆರೆದರು. ಮುಂಢವೆ ಎಂಬ ಹಳ್ಳಿಯ ಮಹಾರರ ಕೇರಿಯಲ್ಲಿ ಒಂದು ಹುಡುಗನಿಗೆ ಪ್ಲೇಗು ತಗುಲಿದೆಯೆಂದು ತಿಳಿದು ಸಾವಿತ್ರೀಬಾಯಿ ತಾವೇ ಹೋಗಿ ಅವನನ್ನು ಹೊತ್ತು ತಂದರು. ಹುಡುಗ ಉಳಿದ. ಹೊತ್ತು ತಂದ ತಾಯಿಗೆ ರೋಗ ತಗುಲಿ 1897ರ ಮಾರ್ಚ್ 10ರಂದು ಕಾಲವಾದರು. ಯಶವಂತರೂ 1905ರಲ್ಲಿ ಪ್ಲೇಗಿಗೇ ತುತ್ತಾದರು. ಕುಲವಿಲ್ಲದ ಕೂಸು ಏನಾದೀತೋ ಎಂದು ಅಂಜುವವರಿಗೆ ಇದು ಉತ್ತರ. ಹೆತ್ತ ಒಡಲು ಯಾವುದೆಂದು ಯಾರೂ ಕೇಳಬೇಕಾಗಿ ಬರಲಿಲ್ಲ. ಯಾವ ಮಡಿಲಲ್ಲಿ ಬೆಳೆದನೆಂಬುದು ಅವನ ಕೈಕೆಲಸದಲ್ಲಿಯೇ ಕಾಣುತ್ತಿತ್ತು.

ಈಗ ನಮ್ಮದೇ ಒಂದು ಮಾತು ಹೇಳದೆ ಇದನ್ನು ಮುಗಿಸಿದರೆ ಬೇರೆಯವರಿಗೆ ಬುದ್ಧಿ ಹೇಳಿದಂತಾಗುತ್ತದೆ. ಬಹಳ ವರ್ಷಗಳ ಹಿಂದೆ, ನಾವು ಪೀಠಕ್ಕೆ ಬಂದ ಹೊಸತರಲ್ಲಿ, ಒಬ್ಬ ತಾಯಿ ಎಂಟು ವರ್ಷದ ಮಗನ ಕೈ ಹಿಡಿದು ನಮ್ಮ ಪ್ರಸಾದನಿಲಯಕ್ಕೆ ಬಂದಿದ್ದಳು. ಅರ್ಜಿಯಲ್ಲಿ ತಂದೆಯ ಹೆಸರಿನ ಜಾಗ ಬರಿದಾಗಿತ್ತು. ಕೇಳಿದಾಗ ಆಕೆ ನೆಲ ನೋಡಿದಳು. ಸುತ್ತ ನಾಲ್ಕು ಜನ ಹಿರಿಯ ಭಕ್ತರು ಕುಳಿತಿದ್ದರು. ನಾವು ಅವರ ಮುಖ ನೋಡಿದೆವು. ‘ನಾಳೆ ಬಾ ತಾಯಿ, ವಿಚಾರ ಮಾಡಿ ಹೇಳುತ್ತೇವೆ’ ಎಂದೆವು. ಆಕೆ ನಾಳೆ ಬರಲಿಲ್ಲ. ಮರುದಿನವೂ ಬರಲಿಲ್ಲ. ಹುಡುಕಿಸಿದೆವು, ಸಿಗಲಿಲ್ಲ. ನಾವೂ ಎಂಟನೆಯ ವಯಸ್ಸಿಗೆ ಹೆತ್ತವರನ್ನು ಬಿಟ್ಟು ಈ ಮಠದ ಮಡಿಲಿಗೆ ಬಂದವರು. ನಮ್ಮನ್ನು ಲಿಂಗೈಕ್ಯ ಗುರುಗಳು ಎತ್ತಿಕೊಂಡು ಉಣಿಸಿ ಓದಿಸಿದರು. ಅಷ್ಟು ಉಂಡವರಿಗೆ ಆ ದಿನ ಹಾರಿದ್ರುಮತ ಗೌತಮ ನೆನಪಾಗಲಿಲ್ಲ. ನೆನಪಾದದ್ದು ನಾಲ್ಕು ಜನರ ಮುಖ. ಗೋವಿಂದರಾಯರ ಕೈ ನಡುಗಿದ್ದನ್ನು ಹೇಳಿದೆವಲ್ಲ. ನಮ್ಮ ಕೈಯೂ ನಡುಗಿತ್ತು. ಆ ಹುಡುಗ ಇಂದು ಎಲ್ಲಿದ್ದಾನೋ ಎಂಬ ಚಿಂತೆ ಇಷ್ಟಲಿಂಗಪೂಜೆಯ ಹೊತ್ತಿಗೂ ಒಮ್ಮೊಮ್ಮೆ ಬಂದು ನಿಲ್ಲುತ್ತದೆ. ಅಂದಿನಿಂದ ನಮ್ಮ ನಿಲಯದ ಅರ್ಜಿಯಲ್ಲಿ ‘ಪಾಲಕರ ಹೆಸರು’ ಎಂದಷ್ಟೇ ಅಚ್ಚು ಹಾಕಿಸಿದ್ದೇವೆ. ತಪ್ಪಿಗೆ ಇದು ಪ್ರಾಯಶ್ಚಿತ್ತವಲ್ಲ. ಎರಡನೆಯ ಬಾರಿ ತಪ್ಪದಿರಲಿ ಎಂಬ ಕಟ್ಟು.

ಕಾನೂನು ಇಂದು ನಮಗಿಂತ ಮುಂದೆ ನಡೆದಿದೆ. 1956ರ ದತ್ತಕ ಕಾಯಿದೆ ಜಾತಿಯ ನಿರ್ಬಂಧವನ್ನು ತೆಗೆದುಹಾಕಿ ಹೆಣ್ಣುಮಗುವನ್ನೂ ದತ್ತು ಪಡೆಯಲು ಅವಕಾಶ ಕೊಟ್ಟಿತು. 2015ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಮದುವೆಯಾಗದ ತಾಯಿ ತಂದೆಯ ಹೆಸರನ್ನು ಹೇಳದೆಯೇ ಮಗುವಿನ ಏಕೈಕ ಪಾಲಕಳಾಗಬಹುದೆಂದು ತೀರ್ಪಿತ್ತಿತು. ಜಬಾಲೆ ಹೇಳಿದ ಮಾತನ್ನು ನ್ಯಾಯಪೀಠ ಈಗ ಎತ್ತಿ ಹಿಡಿದಂತಾಯಿತು. ನ್ಯಾಯಾಲಯ ಒಪ್ಪಿದ್ದನ್ನು ನಮ್ಮ ಪಡಸಾಲೆ ಇನ್ನೂ ಒಪ್ಪದಿದ್ದರೆ ನಾಚಿಕೆ ಯಾರಿಗೆ?

ಶರಣರು ಜನನಸೂತಕವನ್ನು, ಜಾತಿಸೂತಕವನ್ನು ಅಲ್ಲಗಳೆದು ಎಂಟುನೂರು ವರ್ಷಗಳ ಮೇಲಾಯಿತು. ಬಂದವನನ್ನು ನಮ್ಮವನೆಂದು ಎಣಿಸಬೇಕೆಂಬ ಅಣ್ಣನವರ ವಚನವನ್ನು ದಿನವೂ ಪ್ರಾರ್ಥನೆಯಲ್ಲಿ ಹಾಡುತ್ತೇವೆ. ಹಾಡಿ ಮುಗಿಸಿ ಎದ್ದ ಮೇಲೆ ಬಾಗಿಲಲ್ಲಿ ನಿಂತ ಕೂಸನ್ನು ‘ನೀನು ಯಾರ ಮಗ’ ಎಂದು ಕೇಳಿದರೆ ಹಾಡಿದ್ದು ವ್ಯರ್ಥ. ಜಗತ್ತು ಆ ಪ್ರಶ್ನೆಯನ್ನು ಕೇಳಿಯೇ ಕೇಳುತ್ತದೆ. ತೊಟ್ಟಿಲಲ್ಲಿ ಕೇಳುತ್ತದೆ, ಮದುವೆಯಲ್ಲಿ ಕೇಳುತ್ತದೆ, ಮಸಣದಲ್ಲಿಯೂ ಕೇಳುತ್ತದೆ. ಪ್ರತಿಸಲವೂ ಮಗು ಬಾಯಿ ತೆರೆಯುವುದಕ್ಕೆ ಮೊದಲು ‘ನನ್ನ ಮಗ’ ಎಂದು ಯಾರು ಉತ್ತರ ಕೊಡುತ್ತಾರೋ ಅವರೇ ತಾಯಿತಂದೆ. ಪಾಲಕಧರ್ಮವೆಂದರೆ ಇಷ್ಟೇ.

ಹೋದ ಅಮಾವಾಸ್ಯೆಗೆ ಬಂದಿದ್ದ ಆ ದಂಪತಿಗಳು ಇಂದು ಸಭೆಯಲ್ಲಿ ಕುಳಿತಿರುವುದನ್ನು ಕಾಣುತ್ತಿದ್ದೇವೆ. ಅವರ ಹಿರಿಯರೂ ಬಂದಿದ್ದಾರೆ, ಸಂತೋಷ. ಸರಕಾರದ ನಿಯಮದಂತೆ, ಗುಟ್ಟಿಲ್ಲದೆ, ಕಾಗದಪತ್ರ ಸರಿಮಾಡಿಕೊಂಡು ಕೂಸನ್ನು ತನ್ನಿರಿ. ತೊಟ್ಟಿಲಿಗೆ ಹಾಕುವ ದಿನವನ್ನು ಮಠಕ್ಕೆ ತಿಳಿಸಿರಿ. ನಾವೇ ಬಂದು ಆ ಕೂಸಿಗೆ ಲಿಂಗಧಾರಣೆ ಮಾಡುತ್ತೇವೆ. ‘ನಾಳೆ ಬಾ’ ಎನ್ನುವುದಿಲ್ಲ.

ನಿಮ್ಮೆಲ್ಲರ ಮನೆಯ ತೊಟ್ಟಿಲುಗಳು ತುಂಬಿರಲಿ, ತೂಗುವ ಕೈಗಳು ನಡುಗದಿರಲಿ ಎಂದು ಶ್ರೀಗುರುವಿನಲ್ಲಿ ಪ್ರಾರ್ಥಿಸಿ ಈ ಮಾತುಗಳಿಗೆ ಮಂಗಲ ಹಾಡುತ್ತೇವೆ.